ಬೈಕಿಗೊಂದು ಗಾಜಿನ ಹೊಟ್ಟೆ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಾಹನಗಳು ಬಿಡಿಬಿಡಿಯಾಗಿ ನೇತಾಡುತ್ತಿರುತ್ತವೆ. ಟೌನ್‌ಹಾಲ್ ಕಡೆಯಿಂದ ಹೊರಟು ರವೀಂದ್ರ ಕಲಾಕ್ಷೇತ್ರ ದಾಟಿ ಮಿನರ್ವ ವೃತ್ತದತ್ತ ಕಾಲು ಹಾಕಿದರೆ ಒಂದು ಅಂಗಡಿಯ ಮುಂದೆ ಸೈಲೆನ್ಸರುಗಳ ತೋರಣ, ಇನ್ನೊಂದರ ಮುಂದೆ ಕನ್ನಡಿಗಳ ಗೊಂಚಲು. ಫುಟ್‌ಪಾತಿನ ಮೇಲೆ ಕೂತು ಸೀಟಿಗೆ ಕವರ್ ಹೊಲಿಯುವವನ ಕಿವಿಯ ಪಕ್ಕದಲ್ಲೇ ಯಾರೋ ಹಾರ್ನ್ ಪರೀಕ್ಷೆ ಮಾಡುತ್ತಿರುತ್ತಾರೆ; ಅವನು ತಲೆ ಎತ್ತುವುದಿಲ್ಲ. ಕಲಾಸಿಪಾಳ್ಯದ ಕಡೆಗೆ ಒಳಹೊಗುವ ಓಣಿಗಳಲ್ಲಿ ಗುಜರಿ ಶುರು. ಅಲ್ಲಿ ಹೊಸದು ಹಳೆಯದರ ಭೇದವೇ ಬೇರೆ. ಕಂಪನಿಯಿಂದ ಬಂದ ಹಳೆಯ ಮಡ್‌ಗಾರ್ಡಿಗೆ ತುಕ್ಕು ಹಿಡಿದಿದ್ದರೂ ಅದು ‘ಒರಿಜಿನಲ್’, ಬೆಲೆ ಹೆಚ್ಚು. ಪ್ಲಾಸ್ಟಿಕ್ ಚೀಲದಲ್ಲಿ ಮಿರಿಮಿರಿ ಮಿಂಚುವುದು ‘ಲೋಕಲ್’.

ಇಂಥ ಅಂಗಡಿಯ ಕೌಂಟರಿಗೆ ಒರಗಿ ಹುಡುಗನೊಬ್ಬ ಫೋನಿನಲ್ಲಿ ಚಿತ್ರ ತೋರಿಸುತ್ತಾನೆ. ಉದ್ದನೆಯ ತೆಳು ಟ್ಯಾಂಕು, ಮೊಣಕಾಲು ಕೂರಲು ಎರಡೂ ಬದಿ ತಗ್ಗು, ಹಿಂದೆ ಒಬ್ಬರಿಗಷ್ಟೇ ಸೀಟು, ತಲೆ ತಗ್ಗಿಸಿ ಹಿಡಿಯುವ ಹ್ಯಾಂಡಲ್. ‘ಅಣ್ಣ, ಬುಲೆಟ್‌ಗೆ ಈ ಥರದ್ದು ಟ್ಯಾಂಕ್ ಸಿಗತ್ತಾ?’ ಅಂಗಡಿಯವನು ಚಿತ್ರವನ್ನು ಅರೆನಿಮಿಷವೂ ನೋಡದೆ ತಿರುಗಿ ಕೇಳುತ್ತಾನೆ: ‘ಫೈಬರ್ರಾ, ತಗಡಾ?’

ಹುಡುಗನ ಬಜೆಟ್ಟು, ಬೈಕಿನ ವಯಸ್ಸು, ಇನ್ನೆಷ್ಟು ವರ್ಷ ಆ ಟ್ಯಾಂಕು ಸೋರದೆ ಇರುತ್ತದೆ ಎನ್ನುವುದು, ಎಲ್ಲವೂ ಆ ಪ್ರಶ್ನೆಯ ಉತ್ತರದ ಮೇಲೆ ನಿಂತಿವೆ. ಹುಡುಗರು ಸಾಮಾನ್ಯವಾಗಿ ಫೈಬರ್, ಅಂದರೆ ಫೈಬರ್‌ಗ್ಲಾಸ್, ಅನ್ನುತ್ತಾರೆ.

ಅನ್ನುವುದಕ್ಕೆ ಕಾರಣವಿದೆ. ತಗಡಿನ ಟ್ಯಾಂಕನ್ನು ಕಾರ್ಖಾನೆಯಲ್ಲಿ ಒತ್ತಿ ತೆಗೆಯಲು ಉಕ್ಕಿನ ಅಚ್ಚು ಬೇಕು. ಸಾವಿರಾರು ಟ್ಯಾಂಕು ಮಾರದೆ ಅದರ ಖರ್ಚು ಹುಟ್ಟುವುದಿಲ್ಲ. ಒಂದೇ ಒಂದು ಟ್ಯಾಂಕು ಬೇಕೆಂದರೆ ಕೈಯಲ್ಲೇ ಬಡಿದು, ಬಗ್ಗಿಸಿ, ವೆಲ್ಡ್ ಮಾಡಬೇಕು. ಅಷ್ಟು ಪಳಗಿದ ಕೈ ಊರಿಗೆ ಒಂದೋ ಎರಡೋ. ಫೈಬರಿಗೆ ಈ ಯಾವ ತಾಪತ್ರಯವೂ ಇಲ್ಲ. ಥರ್ಮಾಕೋಲಿನಲ್ಲೋ ಜೇಡಿಮಣ್ಣಿನಲ್ಲೋ ಮನಸ್ಸಿನಲ್ಲಿರುವ ಆಕಾರ ಮಾಡಿಕೊಂಡು, ಅದರ ಮೇಲೆ ಮೋಲ್ಡು ತೆಗೆದರೆ ಮುಗಿಯಿತು.

ಈ ಸಲೀಸುತನವನ್ನು ಮೊದಲು ಚೆನ್ನಾಗಿ ಬಳಸಿಕೊಂಡವರಲ್ಲಿ 1960ರ ದಶಕದ ಬ್ರಿಟನ್ನಿನವರೂ ಸೇರಿದ್ದಾರೆ. ಲಂಡನ್ನಿನ ನಾರ್ತ್ ಸರ್ಕ್ಯುಲರ್ ರಸ್ತೆಯಲ್ಲಿ 1938ರಲ್ಲಿ ತೆರೆದ ಏಸ್ ಕೆಫೆಯ ಮುಂದೆ ಸೇರುತ್ತಿದ್ದ ಹುಡುಗರಿಗೆ ಗಂಟೆಗೆ 100 ಮೈಲಿ ಮುಟ್ಟುವುದೇ ಪರಮಾರ್ಥವಾಗಿತ್ತು. ಬೈಕಿನ ತೂಕ ಇಳಿಸಬೇಕು, ರೇಸಿನ ಬೈಕಿನಂತೆ ಕಾಣಬೇಕು, ಕಾಸು ಮಾತ್ರ ಇಲ್ಲ. ಪಾಲ್ ಡನ್‌ಸ್ಟಾಲ್ ಎಂಬಾತ ನಾರ್ಟನ್ ಬೈಕುಗಳಿಗೆ ಹೊಂದುವ ಬಿಡಿಭಾಗಗಳನ್ನು ಕ್ಯಾಟಲಾಗ್ ಅಚ್ಚು ಹಾಕಿಸಿ ಮಾರಿದ. ಡೆರೆಕ್ ಮತ್ತು ಡಾನ್ ರಿಕ್‌ಮನ್ ಸಹೋದರರು ತಾವೇ ಫ್ರೇಮು ಕಟ್ಟಿ, ಫೈಬರಿನ ಮೈ ತೊಡಿಸಿ, ಎಂಜಿನ್ ನೀವೇ ಹಾಕಿಕೊಳ್ಳಿ ಎಂದರು. ಕಂಪನಿಗಳೂ ಹಿಂದೆ ಬೀಳಲಿಲ್ಲ. ನಾರ್ಟನ್ ಕಮಾಂಡೊ 1967ರಲ್ಲಿ ಹೊರಬಂದಾಗ ಅದರ ಬಾಲದ ಭಾಗ ಫೈಬರಿನದು. ಇನ್ನು ನಮ್ಮ ಬುಲೆಟ್ ಪ್ರಿಯರು ತಿಳಿದಿರಬೇಕಾದ್ದು: 1964ರ ಕೊನೆಯಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಕಾಂಟಿನೆಂಟಲ್ ಜಿಟಿ 250ರ ಆ ಪ್ರಸಿದ್ಧ ಕೆಂಪು ಟ್ಯಾಂಕು ಫೈಬರ್‌ಗ್ಲಾಸಿನದೇ. ಚೆನ್ನೈನ ಕಂಪನಿ ಅದೇ ಹೆಸರನ್ನು 2013ರಲ್ಲಿ ಮತ್ತೆ ತಂದಾಗ ಆಕಾರ ಉಳಿಸಿಕೊಂಡು ಟ್ಯಾಂಕನ್ನು ಉಕ್ಕಿನಲ್ಲಿ ಮಾಡಿತು.

ನಡುವೆ ಬ್ರಿಟನ್ ಸರ್ಕಾರವೇ 1970ರ ದಶಕದ ಮೊದಲ ಭಾಗದಲ್ಲಿ ರಸ್ತೆಗಿಳಿಯುವ ಹೊಸ ಬೈಕುಗಳಿಗೆ ಫೈಬರ್ ಟ್ಯಾಂಕು ಕೂಡದು ಎಂದಿತ್ತು. ಬಿದ್ದಾಗ ತಗಡು ನೆಗ್ಗುತ್ತದೆ, ಫೈಬರ್ ಒಡೆಯುತ್ತದೆ. ಒಡೆದ ಟ್ಯಾಂಕಿನ ಕೆಳಗೆ ಕಾದ ಎಂಜಿನ್ ಇರುತ್ತದೆ. ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ಫೈಬರ್ ಕೆಲಸದ ಶೆಡ್ಡುಗಳು ಜೆ.ಸಿ. ರಸ್ತೆಯಂಥ ಕಡೆ ಇರುವುದು ಅಪರೂಪ. ವಾಸನೆಗೆ ಅಕ್ಕಪಕ್ಕದವರು ಜಗಳಕ್ಕೆ ಬರುತ್ತಾರೆ. ಅವಕ್ಕೆ ಊರಿನ ಅಂಚೇ ಬೇಕು. ಶೀಟಿನ ಮಾಡು, ಮೂರು ಕಡೆ ಗೋಡೆ, ನಾಲ್ಕನೆಯ ಕಡೆ ಗಾಳಿ. ಶೆಡ್ಡು ಕಣ್ಣಿಗೆ ಬೀಳುವ ಮೊದಲೇ ಸ್ಟೈರೀನಿನ ಘಾಟು ಮೂಗಿಗೆ ಅಡರುತ್ತದೆ. ಅಂಗಳದಲ್ಲಿ ಶಾಪಿಂಗ್ ಮಾಲಿನವರು ಮಾಡಲು ಹೇಳಿದ ಡೈನೋಸಾರಿನ ತಲೆ, ಯಾವುದೋ ಉದ್ಯಾನಕ್ಕೆ ಹೋಗಬೇಕಾದ ಜಿಂಕೆ, ಬಟ್ಟೆ ಅಂಗಡಿಯ ಗೊಂಬೆಯ ಎರಡು ಕಾಲು. ಇವುಗಳ ನಡುವೆ ಕಪ್ಪಗೆ, ಒಡ್ಡೊಡ್ಡಾಗಿ ಬಿದ್ದಿರುವ ಟ್ಯಾಂಕಿನ ಮೋಲ್ಡುಗಳು. ಇದೇ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿದ ಹನ್ಸ ವಿಮಾನದ ಮೈಯೂ ಗಾಜಿನ ನಾರಿನದೇ ಎಂದು ಇಲ್ಲಿ ಹೇಳಿದರೆ ಮೇಸ್ತ್ರಿಗೆ ಅಚ್ಚರಿಯೇನೂ ಆಗದು. ಅವನಿಗೆ ಎಲ್ಲವೂ ಮ್ಯಾಟು ಮತ್ತು ರೆಸಿನ್ನು.

ಮ್ಯಾಟು ಎಂದರೆ ಬಿಳಿ ಗಾಜಿನ ಎಳೆಗಳನ್ನು ಅಡ್ಡಾದಿಡ್ಡಿ ಹರಡಿ ಒತ್ತಿದ ಹಾಸು. ಸುರುಳಿಯಿಂದ ಕತ್ತರಿಸುವಾಗಲೇ ಎಳೆಗಳು ಮುಂಗೈಗೆ ಚುಚ್ಚಿಕೊಂಡು ತುರಿಕೆ ಹತ್ತುತ್ತದೆ. ರೆಸಿನ್ನು ಜೇನಿನ ಬಣ್ಣದ ಮಂದ ದ್ರವ. ಅದಕ್ಕೆ ಮೊದಲು ಕೋಬಾಲ್ಟ್ ಬೆರೆಸಬೇಕು, ನೀಲಿಗೆಂಪು ಛಾಯೆ ಏರುತ್ತದೆ. ಅದು ಪೂರ್ತಿ ಕಲೆತ ಮೇಲೆ ಹಾರ್ಡನರ್, ನೂರಕ್ಕೆ ಒಂದರಿಂದ ಎರಡು ಪಾಲು. ಕೋಬಾಲ್ಟನ್ನೂ ಹಾರ್ಡನರನ್ನೂ ನೇರವಾಗಿ ಒಂದೇ ಡಬ್ಬಿಗೆ ಸುರಿದರೆ ಸಿಡಿಯುತ್ತದೆ. ಹೊಸದಾಗಿ ಸೇರಿದ ಹುಡುಗನಿಗೆ ಶೆಡ್ಡಿನಲ್ಲಿ ಕಲಿಸುವ ಮೊದಲ ಪಾಠ ಇದೇ ಆಗಿರಬೇಕು. ಹಾರ್ಡನರ್ ಕಣ್ಣಿಗೆ ಹಾರಿದರೆ ದೃಷ್ಟಿ ಹೋಗಬಹುದು. ಆದರೂ ಕನ್ನಡಕ, ಮಾಸ್ಕು ಎಷ್ಟೋ ಕಡೆ ಮೊಳೆಗೇ ನೇತುಬಿದ್ದಿರುತ್ತವೆ.

ಈಗ ಅವಸರ. ಹಾರ್ಡನರ್ ಬಿದ್ದ ಗಳಿಗೆಯಿಂದ ರೆಸಿನ್ನು ಗಟ್ಟಿಯಾಗಲು ಹೊರಡುತ್ತದೆ. ಡಿಸೆಂಬರಿನ ಬೆಳಿಗ್ಗೆ ಅದಕ್ಕೆ ಸೋಮಾರಿತನ, ಏಪ್ರಿಲ್ ಮಧ್ಯಾಹ್ನ ಬ್ರಷ್ಷಿನಲ್ಲೇ ಕಲ್ಲಾಗುವ ಆತುರ. ಮೋಲ್ಡಿಗೆ ಮೊದಲೇ ಮೇಣ ತಿಕ್ಕಿ ಹೊಳಪಿಸಿ, ಜೆಲ್‌ಕೋಟ್ ಬಳಿದು ಇಟ್ಟಿರುತ್ತಾರೆ. ಮ್ಯಾಟಿನ ತುಂಡು ಹಾಸುವುದು, ರೆಸಿನ್ನು ಕುಡಿಸುವುದು, ರೋಲರ್ ಎಳೆಯುವುದು. ಬಿಳಿಯ ಹಾಸು ನೋಡನೋಡುತ್ತ ಪಾರದರ್ಶಕವಾಗುತ್ತದೆ. ಎಲ್ಲಿ ಬಿಳಿ ಉಳಿಯಿತೋ ಅಲ್ಲಿ ಗಾಳಿ ಕೂತಿದೆ, ಮುಂದೊಂದು ದಿನ ಪೆಟ್ರೋಲು ಜಿನುಗುವುದು ಅಲ್ಲಿಂದಲೇ. ಆ ಬಿಳಿಯ ಚುಕ್ಕೆಯನ್ನು ಮೇಸ್ತ್ರಿ ಹುಡುಕುವ ಪರಿಯಲ್ಲೇ ಅವನು ಎಂಥ ಕೆಲಸಗಾರ ಎಂಬುದು ತಿಳಿಯುತ್ತದೆ. ಒಬ್ಬ ಬ್ರಷ್ಷಿನ ತುದಿಯಿಂದ ಚುಚ್ಚಿ ಚುಚ್ಚಿ ಗಾಳಿ ಹೊರಡಿಸುತ್ತಾನೆ. ಇನ್ನೊಬ್ಬ ಮೇಲೊಂದು ಪದರ ಹಾಕಿ ಮುಚ್ಚುತ್ತಾನೆ. ಪೇಂಟು ಬಿದ್ದ ಮೇಲೆ ಎರಡೂ ಟ್ಯಾಂಕು ಒಂದೇ ಥರ ಹೊಳೆಯುತ್ತವೆ.

ಮೋಲ್ಡು ಬಿಡಿಸುವುದು ನೋಡಲು ಚೆಂದ. ಅಂಚಿಗೆ ಮರದ ಚೂರು ತುರುಕಿ, ರಬ್ಬರ್ ಸುತ್ತಿಗೆಯಲ್ಲಿ ಅಲ್ಲಲ್ಲಿ ತಟ್ಟಿ, ಹಲಸಿನೆಲೆಯ ಕೊಟ್ಟೆಯಿಂದ ಕಡುಬು ಬಿಡಿಸಿದಂತೆ ಮೆಲ್ಲಗೆ ಬಿಡಿಸುತ್ತಾರೆ. ಟ್ಯಾಂಕು ಬರುವುದು ಎರಡು ಹೋಳಾಗಿ. ಮೇಲಿನದು ಆಕಾರ, ಕೆಳಗಿನದು ಫ್ರೇಮಿನ ಕೊಳವೆ ಹಾದುಹೋಗುವ ಸುರಂಗ. ಎರಡನ್ನೂ ಸೇರಿಸುವ ಕೀಲೇ ಈ ಕಸುಬಿನ ಮರ್ಮಸ್ಥಾನ. ಸೇರಿಸಿದ ಮೇಲೆ ಒಳಗಿನ ಬೆಸುಗೆಗೆ ಮ್ಯಾಟು ಹಚ್ಚಲು ಇರುವುದು ಮುಚ್ಚಳದ ತೂತು ಒಂದೇ. ಅಲ್ಲಿಂದ ಕಡ್ಡಿಗೆ ಬ್ರಷ್ ಕಟ್ಟಿ, ಕಣ್ಣಿಗೆ ಕಾಣದ ಕಡೆ, ಬರೀ ಕೈಯಂದಾಜಿನಲ್ಲಿ ಮೆತ್ತಬೇಕು. ಪೆಟ್ರೋಲ್ ಕಾಕ್ ಕೂರುವ ಕಡೆ ಹಿತ್ತಾಳೆಯದೋ ಅಲ್ಯೂಮಿನಿಯಮ್ಮಿನದೋ ಬುಷ್ ಹೂಳುತ್ತಾರೆ. ಲೋಹ ಒಂದು ಅಳತೆಗೆ ಹಿಗ್ಗುತ್ತದೆ, ಫೈಬರ್ ಇನ್ನೊಂದಕ್ಕೆ. ಎಂಜಿನ್ನಿನ ಅದುರು ಬೇರೆ. ಮೊದಲ ಸೋರಿಕೆ ಎಲ್ಲಿ ಎಂದು ಕೇಳಿದರೆ ಮೇಸ್ತ್ರಿ ಯೋಚಿಸದೆ ಬೆರಳಿಡುವುದು ಆ ಬುಷ್ಷಿನ ಸುತ್ತಲಿಗೆ.

ಇಷ್ಟೂ ಹಳೆಯ ಪೆಟ್ರೋಲಿನ ಕಾಲದ ಮಾತು. ಈಗಿನ ಪೆಟ್ರೋಲು ಬೇರೆ.

2023ರ ಫೆಬ್ರುವರಿ 6ರಂದು, ತುಮಕೂರು ರಸ್ತೆಯ ವಸ್ತುಪ್ರದರ್ಶನ ಕೇಂದ್ರದಲ್ಲಿ ನಡೆದ ಭಾರತ ಇಂಧನ ಸಪ್ತಾಹದಲ್ಲಿ, ಪ್ರಧಾನಿ ನರೇಂದ್ರ ಮೋದಿ ಇ20 ಪೆಟ್ರೋಲಿಗೆ ಚಾಲನೆ ಕೊಟ್ಟರು. ನೂರು ಪಾಲಿನಲ್ಲಿ 20 ಪಾಲು ಎಥೆನಾಲ್. 2030ಕ್ಕೆ ಎಂದಿದ್ದ ಗುರಿಯನ್ನು ಹಿಂದಕ್ಕೆ ತಂದು 2025ರಲ್ಲೇ ಮುಟ್ಟಲಾಯಿತು. ಬೆಳಗಾವಿ, ಬಾಗಲಕೋಟೆಯ ಕಬ್ಬು ಬೆಳೆಗಾರರಿಗೆ ಇದರಿಂದ ಆಗುವ ಅನುಕೂಲದ ಚರ್ಚೆ ಬೇರೆ ಪುಟದ್ದು. ಫೈಬರ್ ಟ್ಯಾಂಕಿಗಂತೂ ಈ ಪೆಟ್ರೋಲು ವಿಷ. ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ನಿನೊಳಕ್ಕೆ ಎಥೆನಾಲ್ ಮೆಲ್ಲಗೆ ಇಳಿಯುತ್ತದೆ. ಗಟ್ಟಿಯಾಗಿದ್ದದ್ದು ಮೆತ್ತಗಾಗಿ ಉಬ್ಬುತ್ತದೆ, ಮೇಲಿನ ಪೇಂಟು ಗುಳ್ಳೆ ಏಳುತ್ತದೆ. ಕರಗಿದ ರೆಸಿನ್ನು ಪೆಟ್ರೋಲಿನ ಜೊತೆಗೇ ಹರಿದು ಕಾರ್ಬ್ಯುರೇಟರಿನ ಜೆಟ್ಟಿನಲ್ಲಿ, ವಾಲ್ವಿನ ಕಾಂಡದಲ್ಲಿ ಅಂಟಾಗಿ ಕೂರುತ್ತದೆ. ಬೈಕು ಒಂದು ಬೆಳಿಗ್ಗೆ ಕಿಕ್ಕಿಗೆ ಜಗ್ಗುವುದಿಲ್ಲ. ಮೆಕ್ಯಾನಿಕ್ ಪ್ಲಗ್ಗು ಬದಲಿಸುತ್ತಾನೆ, ಕಾಯಿಲ್ ಬದಲಿಸುತ್ತಾನೆ, ಹೊಟ್ಟೆಯ ರೋಗ ಹೊಟ್ಟೆಯಲ್ಲೇ ಉಳಿಯುತ್ತದೆ.

ಹೊಸ ಬೈಕಿನವರಿಗೆ ಇನ್ನೊಂದು ಅಡ್ಡಿ. 2020ರ ಏಪ್ರಿಲ್ 1ರಿಂದ ಬಿಎಸ್6 ಬಂದ ಮೇಲೆ ಕಾರ್ಬ್ಯುರೇಟರಿನ ಜಾಗಕ್ಕೆ ಇಂಜೆಕ್ಷನ್ ಬಂತು, ಪೆಟ್ರೋಲ್ ಪಂಪು ಟ್ಯಾಂಕಿನೊಳಗೇ ಕೂತಿತು. ಅದರ ಅಗಲ ಬಾಯಿಗೆ ಚಪ್ಪಟೆಯಾದ, ಅಲುಗದ ಲೋಹದ ಬಳೆ ಬೇಕು. ಕೈಯಲ್ಲಿ ಮೆತ್ತಿದ ಫೈಬರಿನಲ್ಲಿ ಅದನ್ನು ಸೋರದಂತೆ ಕೂರಿಸುವುದು ಸುಲಭವಲ್ಲ. ಹೀಗಾಗಿ ಫೈಬರ್ ಟ್ಯಾಂಕು ಸಲೀಸಾಗಿ ಹೊಂದುವುದು ಹಳೆಯ ಬುಲೆಟ್, ಮೈಸೂರಿನ ಯಜ್ಡಿ, ಆರ್‌ಎಕ್ಸ್ 100ರಂಥ ಬೈಕುಗಳಿಗೆ. ಅವು ಹುಟ್ಟಿದಾಗ ಇ20 ಎಂಬುದೇ ಇರಲಿಲ್ಲ.

ಕಾನೂನಿನ ಮಾತು ಯಾರಿಗೂ ಇಷ್ಟವಿಲ್ಲ, ಆದರೂ ಒಂದು ಸಾಲು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಬದಲಾವಣೆಯನ್ನು ಒಪ್ಪುವುದಿಲ್ಲ; 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಖಡಾಖಂಡಿತವಾಗಿ ಹೇಳಿತು. ಜೆ.ಸಿ. ರಸ್ತೆಯಲ್ಲಿ ಯಾವ ಅಂಗಡಿಯವನೂ ಇದನ್ನು ಬಿಲ್ಲಿನ ಹಿಂದೆ ಬರೆದು ಕೊಡುವುದಿಲ್ಲ.

ಹಾಗಾದರೆ ಆ ಹುಡುಗ ಏನು ಮಾಡಬೇಕು? ಸೀಟಿನ ಬಾಲ, ಮಡ್‌ಗಾರ್ಡು, ಪಕ್ಕದ ಪೆಟ್ಟಿಗೆ, ಹೆಡ್‌ಲೈಟಿನ ಮುಖವಾಡ ಇವಕ್ಕೆಲ್ಲ ಫೈಬರಿಗಿಂತ ಒಳ್ಳೆಯದು ಇಲ್ಲ. ಹಗುರ, ಅಗ್ಗ, ಒಡೆದರೆ ತೇಪೆ ಸುಲಭ. ಟ್ಯಾಂಕಿಗೆ ಮಾತ್ರ ಬೇಡ. ಆ ಆಕಾರವೇ ಬೇಕೆಂದು ಹಟವಿದ್ದರೆ, ಪೆಟ್ರೋಲು ತುಂಬಲು ಒಳಗೊಂದು ಚಿಕ್ಕ ಲೋಹದ ಟ್ಯಾಂಕು ಇಟ್ಟು ಮೇಲೆ ಫೈಬರಿನ ಕವಚ ತೊಡಿಸಬಹುದು. ಹೋಂಡಾದ ಗೋಲ್ಡ್‌ವಿಂಗ್ 1975ರಲ್ಲೇ ಪೆಟ್ರೋಲನ್ನು ಸೀಟಿನ ಕೆಳಗಿಟ್ಟು, ಟ್ಯಾಂಕಿನ ಜಾಗದಲ್ಲಿ ಬರೀ ವೇಷ ಇಟ್ಟಿತ್ತು. ಯಾರೂ ಅದನ್ನು ಮೋಸ ಎನ್ನಲಿಲ್ಲ. ಈಗಾಗಲೇ ಫೈಬರ್ ಟ್ಯಾಂಕು ಹಾಕಿಸಿಕೊಂಡವರು ಬೈಕು ನಿಲ್ಲಿಸಿ ಊರಿಗೆ ಹೋಗುವಾಗ ಪೆಟ್ರೋಲು ಪೂರ್ತಿ ಇಳಿಸಿ ಹೋಗಲಿ. ಹೊಸದಾಗಿ ಮಾಡಿಸುವವರು ಬಣ್ಣದ ವಿಚಾರ ಆಮೇಲೆ ಮಾತಾಡಿ, ಮೊದಲು ರೆಸಿನ್ನು ಯಾವುದೆಂದು ಕೇಳಲಿ. ಪಾಲಿಯೆಸ್ಟರ್ ಎಂದರೆ ಅಲ್ಲಿಂದ ಎದ್ದು ಬರಲಿ. ವಿನೈಲ್ ಎಸ್ಟರ್ ಎಂದರೆ ಮಾತು ಮುಂದುವರಿಸಬಹುದು.

ಜೆ.ಸಿ. ರಸ್ತೆಗೆ ಹೋಗುವುದಾದರೆ ಹಳೆಯ ಟ್ಯಾಂಕನ್ನು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡೇ ಹೋಗಿ. ಬಾಯಲ್ಲಿ ಹೇಳಿದ ಅಳತೆಯನ್ನು ಅಲ್ಲಿ ಯಾರೂ ನಂಬುವುದಿಲ್ಲ.