ಶಿಬಿರ ಮುಗಿದ ಮರುದಿನ

ಬೇಸಿಗೆ ರಜೆ ಬಂತೆಂದರೆ ಕರ್ನಾಟಕದ ಚರ್ಚುಗಳಲ್ಲಿ ಓಡಾಟ ಹೆಚ್ಚುತ್ತದೆ. ಮಕ್ಕಳಿಗೆ ರಜಾಕಾಲದ ಬೈಬಲ್ ಶಾಲೆ, ಯೌವನಸ್ಥರಿಗೆ ಎರಡು ಮೂರು ದಿನಗಳ ಶಿಬಿರ. ಹಾಡು, ಆಟ, ಕಿರುನಾಟಕ, ಊರಾಚೆಯಿಂದ ಬಂದ ಭಾಷಣಕಾರರು, ಕೊನೆಯ ದಿನ ಬಹುಮಾನ. ಕ್ರೈಸ್ತ ಯುವಸೇವೆ ಎಂದಾಗ ಚರ್ಚಿನ ಒಳಗಿದ್ದವರ ಕಣ್ಣಿಗೆ ಕಟ್ಟುವುದು ಈ ಚಿತ್ರ. ಹೊರಗಿದ್ದವರಲ್ಲಿ ಹಲವರಿಗೆ ಥಟ್ಟನೆ ನೆನಪಾಗುವುದು ಮತಾಂತರದ ಜಗಳ. ನನ್ನ ಮಟ್ಟಿಗೆ ಈ ಕೆಲಸದ ತಿರುಳು ಇವೆರಡರಲ್ಲೂ ಇಲ್ಲ. ಇದು ಮೂಲತಃ ತರಬೇತಿಯ ಕೆಲಸ, ಅದೂ ವರ್ಷಗಟ್ಟಲೆ ಹಿಡಿಯುವ ತರಬೇತಿ. ತನ್ನ ನಂಬಿಕೆಯನ್ನು ತಾನೇ ಓದಿ ತಿಳಿದ, ಹತ್ತು ಜನರನ್ನು ಕೂಡಿಸಿ ಮಾತಾಡಬಲ್ಲ, ಹುಟ್ಟಿದ ಊರಿಗೆ ಬೇಕಾಗುವ ಹುಡುಗ ಹುಡುಗಿಯರನ್ನು ತಯಾರು ಮಾಡುವುದು. ಅದು ಸಾಧ್ಯವಾಯಿತೋ ಇಲ್ಲವೋ ಎಂಬುದು ಗೊತ್ತಾಗಲು ಹತ್ತು ವರ್ಷ ಬೇಕು.

ಈ ಮಾತಿನ ತೂಕ ತಿಳಿಯಬೇಕಾದರೆ ಮೋಟೆಬೆನ್ನೂರಿನಂಥ ಕಡೆಯಿಂದ ನೋಡಬೇಕು. ಬ್ಯಾಡಗಿ ತಾಲ್ಲೂಕಿನ ಈ ಊರು ಹಾವೇರಿ–ರಾಣೆಬೆನ್ನೂರು ನಡುವೆ ಹೆದ್ದಾರಿಯ ಮೇಲಿದೆ. 2011ರ ಜನಗಣತಿಯಂತೆ ರಾಜ್ಯದಲ್ಲಿ ಕ್ರೈಸ್ತರು ಶೇಕಡ 1.87. ಹಾವೇರಿ ಜಿಲ್ಲೆಯಲ್ಲಿ ಶೇಕಡ ಒಂದೂ ಇಲ್ಲ. ಇಂಥ ಸೀಮೆಯಲ್ಲಿ ಒಬ್ಬ ಸಭಾಪಾಲಕರು ಹಲವು ಊರುಗಳ ಸಭೆ ನೋಡಿಕೊಳ್ಳುವುದೇ ರೂಢಿ, ಸಂಬಳದ ಯುವ ಕಾರ್ಯಕರ್ತರ ಮಾತಂತೂ ದೂರ. ಬೇಸಿಗೆಯ ಶಿಬಿರಕ್ಕೂ ದುಡಿಮೆಯ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಹಂಗಾಮು ಆಗ ಇನ್ನೂ ನಡೆದಿರುತ್ತದೆ, ಸೋಮವಾರ ಗುರುವಾರ ಚೀಲ ಹೊರುವ ಹುಡುಗನಿಗೆ ಮೂರು ದಿನದ ಬಿಡುವು ಎಂದರೆ ಮೂರು ದಿನದ ಕೂಲಿ. ಹಾಗಾಗಿ ಶಿಬಿರಕ್ಕೆ ಹೋಗಲಾಗದೆ ಊರಲ್ಲೇ ಉಳಿದವರೊಂದಿಗೆ ವರ್ಷವಿಡೀ ನಡೆಯುವ ಕೆಲಸ ಬೀಳುವುದು ಊರಿನದೇ ಒಬ್ಬ ಪದವಿ ವಿದ್ಯಾರ್ಥಿನಿಯ ಮೇಲೋ ಐಟಿಐ ಓದಿದ ಹುಡುಗನ ಮೇಲೋ. ಭಾನುವಾರ ಸಂಡೆ ಸ್ಕೂಲ್ ನಡೆಸುವವರು, ಯೌವನಸ್ಥರ ಕೂಟದ ಹಾಜರಿ ಬರೆಯುವವರು, ಕಾಣಿಕೆಯ ಲೆಕ್ಕ ಇಡುವವರು, ಸಭೆಯ ಪೂರ್ಣ ಸದಸ್ಯತ್ವ ಕೊಡುವ ಸ್ಥಿರೀಕರಣದ ಪಾಠಕ್ಕೆ ಕೂತ ಹದಿನೈದರ ಹುಡುಗ ‘ದೇವರು ಇದ್ದರೆ ನಮ್ಮಪ್ಪನ ಸಾಲ ಯಾಕೆ ತೀರಲಿಲ್ಲ’ ಎಂದು ಕೇಳಿದಾಗ ಎದುರಿಗೆ ಕೂತಿರುವವರು ಇವರೇ. ಆ ಪ್ರಶ್ನೆಗೆ ಬಾಯಿಪಾಠದ ಉತ್ತರ ಸಾಲದು. ಬೈಬಲ್ಲಿನ ಯೋಬನ ಕಥೆಯೂ ಗೊತ್ತಿರಬೇಕು, ಸಹಕಾರ ಸಂಘದ ಬಡ್ಡಿಯೂ ಗೊತ್ತಿರಬೇಕು, ಸುಮ್ಮನೆ ಕೇಳಿಸಿಕೊಳ್ಳುವ ತಾಳ್ಮೆಯೂ ಇರಬೇಕು. ಭಾಷಣಕಾರರ ಪ್ರಯಾಣಭತ್ಯೆಗೆ ಹಣ ಕೂಡಿಸುವ ಸಭೆಗಳು ಇವರಿಗೆ ಕಲಿಸಲು ಎಷ್ಟು ಖರ್ಚು ಮಾಡುತ್ತವೆ?

ತರಬೇತಿಯಿಂದ ಏನಾಗುತ್ತದೆ ಎಂಬುದಕ್ಕೆ ಈ ನಾಡಿನಲ್ಲೇ ಪುರಾವೆ ಇದೆ. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿಯಲ್ಲಿ ನೆಲೆಯೂರಿದರು. 1847ರಲ್ಲಿ ಮಂಗಳೂರಿನಲ್ಲಿ ದೇವಜ್ಞಾನ ಶಾಲೆ ತೆರೆದು, ಸ್ಥಳೀಯ ಹುಡುಗರನ್ನು ಉಪದೇಶಿಗಳನ್ನಾಗಿ, ಸಭಾಪಾಲಕರನ್ನಾಗಿ ತಯಾರು ಮಾಡತೊಡಗಿದರು. ಇವತ್ತು ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಜಿಕಲ್ ಕಾಲೇಜು ಅದರ ಮುಂದುವರಿಕೆ. 1881ರಲ್ಲಿ ಹುಟ್ಟಿದ ಉತ್ತಂಗಿ ಚನ್ನಪ್ಪನವರು ಧಾರವಾಡದ ಕಡೆಯಿಂದ ಹೋಗಿ ಮಂಗಳೂರಿನಲ್ಲಿ ಈ ಶಿಕ್ಷಣ ಪಡೆದವರು. ಸಭಾಪಾಲಕರಾಗಿ ಉತ್ತರ ಕರ್ನಾಟಕದಲ್ಲಿ ದುಡಿಯುತ್ತಲೇ ಅವರು ಹಸ್ತಪ್ರತಿಗಳಿಂದಲೂ ಜನರ ಬಾಯಿಂದಲೂ ಸರ್ವಜ್ಞನ ತ್ರಿಪದಿಗಳನ್ನು ಆಯ್ದು, ಪಾಠ ಹೋಲಿಸಿ, ಸುಮಾರು ಎರಡು ಸಾವಿರ ವಚನಗಳ ಸಂಕಲನವನ್ನು 1924ರಲ್ಲಿ ಹೊರತಂದರು. ಸರ್ವಜ್ಞನ ಊರೆಂದು ಪರಂಪರೆ ಹೇಳುವ ಅಬಲೂರು, ಮಾಸೂರು ಇರುವುದು ಇದೇ ಹಾವೇರಿ ಜಿಲ್ಲೆಯಲ್ಲಿ. ಈ ಮಣ್ಣಿನ ಕವಿಯನ್ನು ಈ ಜನಕ್ಕೇ ಹಿಂದಿರುಗಿಸಿದವರು ಒಬ್ಬ ಕ್ರೈಸ್ತ ಪಾದ್ರಿ. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ‘ತಿರುಳ್ಗನ್ನಡದ ತಿರುಕ’ ಎಂದು ನಾಡು ಅವರನ್ನು ಕರೆಯಿತು.

ಉತ್ತಂಗಿಯವರು ಅಪರೂಪದ ಪ್ರತಿಭೆ, ಅವರನ್ನು ಅಳತೆಗೋಲು ಮಾಡಬಾರದು ಎನ್ನಬಹುದು. ಒಪ್ಪುತ್ತೇನೆ. ಪ್ರತಿಭೆಯನ್ನು ಯಾವ ಶಾಲೆಯೂ ಕೊಡಲಾರದು. ಆದರೆ ಪಾಠಗಳನ್ನು ಹೋಲಿಸಿ ನೋಡುವ ಶಿಸ್ತು, ಹಳ್ಳಿಯಲ್ಲಿ ಕೂತು ಓದುವ ಅಭ್ಯಾಸ, ಕನ್ನಡದಲ್ಲೇ ಯೋಚಿಸುವ ಧೈರ್ಯ ಕಲಿಸಿ ಬರುವಂಥವು. ಇನ್ನೊಂದು ಪುರಾವೆ ಸಾಧಾರಣ ಜನರದು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು, ಆಮೇಲೆ ದೇಶದಿಂದಲೇ ಕಳಿಸಿತು. ಮಿಷನ್ನಿನ ಹೆಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಹೆಂಚು, ನೇಯ್ಗೆಯ ತರಬೇತಿ ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟದ್ದು ನಿಜ, ಅವರನ್ನು ಮಿಷನ್ನಿನ ಮೇಲೆಯೇ ಅವಲಂಬಿಸುವಂತೆ ಮಾಡಿದ್ದೂ ಅಷ್ಟೇ ನಿಜ. ಧಣಿ ಬದಲಾದ ದಿನ ಆ ದೌರ್ಬಲ್ಯ ಬಯಲಾಯಿತು. ಸಭೆಗಳು ಮಾತ್ರ ಮುಚ್ಚಲಿಲ್ಲ, ನಡೆಸಲು ಕನ್ನಡದ ಸಭಾಪಾಲಕರು, ಹಿರಿಯರು ಊರಲ್ಲೇ ಇದ್ದರು. ಧಾರವಾಡ ಭಾಗದ ಆ ಸಭೆಗಳೇ ಮುಂದೆ 1968ರಲ್ಲಿ ದಕ್ಷಿಣ ಭಾರತ ಸಭೆಯನ್ನು (ಸಿಎಸ್‌ಐ) ಸೇರಿದವು.

ಊರಲ್ಲೇ ಜನರನ್ನು ತಯಾರು ಮಾಡಬೇಕೆಂಬುದು ಮೋಟೆಬೆನ್ನೂರಿನವರಿಗೆ ಹೊಸ ಪಾಠವಲ್ಲ. 1911ರಲ್ಲಿ ಅಲ್ಲಿ ಹುಟ್ಟಿದ ಮೈಲಾರ ಮಹಾದೇವ 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯ ಜೊತೆ ನಡೆದಾಗ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಆ ನಡಿಗೆಯಷ್ಟಕ್ಕೇ ಅವರು ನಿಲ್ಲಲಿಲ್ಲ. ಊರ ಸೀಮೆಗೆ ಮರಳಿ, ಕೊರಡೂರಿನಲ್ಲಿ ಸೇವಾಶ್ರಮ ಕಟ್ಟಿ, ಖಾದಿ ಮತ್ತು ಗ್ರಾಮಸೇವೆಯಲ್ಲಿ ತರುಣರನ್ನು ಪಳಗಿಸಿದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಪೊಲೀಸರ ಗುಂಡೇಟಿಗೆ ಬಲಿಯಾದಾಗ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠರೂ ಅವರ ಜೊತೆ ಪ್ರಾಣ ಕೊಟ್ಟರು. ಅವರ ದಾರಿ ಬೇರೆ, ಗುರಿ ಬೇರೆ. ಯಾತ್ರೆಯಿಂದ ಬಂದವನು ಆಶ್ರಮ ಕಟ್ಟಿದ ಎಂಬ ಸಂಗತಿಯನ್ನು ಶಿಬಿರ ನಡೆಸುವವರೆಲ್ಲ, ಯಾವ ಧರ್ಮದವರೇ ಆಗಲಿ, ಗಮನಿಸಬೇಕು.

ಈಗ ಗಟ್ಟಿ ಆಕ್ಷೇಪಕ್ಕೆ ಬರೋಣ. ಎಳೆಯ ಮನಸ್ಸುಗಳನ್ನು ಹಿಡಿದು ಮತ ಬದಲಿಸುವುದೇ ಇದರ ಒಳಗುಟ್ಟು ಎಂಬುದು ಆ ಮಾತು. ಇದನ್ನು ಕೋಪದಿಂದ ತಳ್ಳಿಹಾಕುವುದು ತಪ್ಪು. ಸಂವಿಧಾನದ 25ನೇ ವಿಧಿ ಧರ್ಮವನ್ನು ಆಚರಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಇನ್ನೊಬ್ಬರನ್ನು ಮತಾಂತರಿಸುವುದು ಆ ಹಕ್ಕಿನಲ್ಲಿ ಸೇರಿಲ್ಲ ಎಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಪೋಷಕರ ಒಪ್ಪಿಗೆಯಿಲ್ಲದೆ ಅಪ್ರಾಪ್ತ ಮಗುವನ್ನು ಧರ್ಮಪಾಠಕ್ಕೆ ಕೂರಿಸುವಂತಿಲ್ಲ ಎನ್ನುವುದು 28ನೇ ವಿಧಿ. ಮತಾಂತರ ಕುರಿತ ಕರ್ನಾಟಕದ 2022ರ ಕಾನೂನು ಅಪ್ರಾಪ್ತರ ವಿಷಯದಲ್ಲಿ ಹೆಚ್ಚಿನ ಶಿಕ್ಷೆ ಬರೆಯಿತು. ಆ ಕಾನೂನಿನ ಬಗ್ಗೆ ಭಿನ್ನಾಭಿಪ್ರಾಯವಿದೆ, 2023ರಲ್ಲಿ ಸಚಿವ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿದ್ದೂ ಉಂಟು. ಕಾನೂನು ಇರಲಿ ಬಿಡಲಿ, ತಂದೆತಾಯಿಗೆ ತಿಳಿಯದಂತೆ ಬೇರೆ ಮನೆಯ ಮಗುವನ್ನು ಕೂಟಕ್ಕೆ ಕರೆಯುವುದು ಅಪ್ರಾಮಾಣಿಕ ನಡೆ. ಲಿಖಿತ ಒಪ್ಪಿಗೆ, ತೆರೆದ ಬಾಗಿಲು, ಪೋಕ್ಸೊ ಕಾಯ್ದೆಯ ತಿಳಿವಳಿಕೆ ತರಬೇತಿಯ ಮೊದಲ ಪಾಠಗಳಾಗಬೇಕು. ತರಬೇತಿ ಇಲ್ಲದ ಉತ್ಸಾಹಿಯೇ ಇಲ್ಲಿ ಎಡವುವುದು. ಹಾಗಾಗಿ ಈ ಆಕ್ಷೇಪ ನನ್ನ ವಾದವನ್ನು ಕೆಡಿಸುವ ಬದಲು ಬಲಪಡಿಸುತ್ತದೆ.

ಇದೇ ಸಾಲಿನ ಇನ್ನೊಂದು ತಿಳಿವಳಿಕೆ. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ. ದಲಿತ ಮೂಲದ ಕ್ರೈಸ್ತ ಹುಡುಗ ವಿದ್ಯಾರ್ಥಿವೇತನದ ಅರ್ಜಿ ತುಂಬುವಾಗ ಇದು ಗೊತ್ತಿರಬೇಕು. ಪ್ರಾರ್ಥನೆ ಕಲಿಸಿದವರು ಈ ಕಷ್ಟವನ್ನೂ ನೇರವಾಗಿ ಹೇಳಬೇಕು. ಹೇಳದೆ ಉಳಿಸಿಕೊಂಡ ನಂಬಿಕೆ ಬಹಳ ದಿನ ನಿಲ್ಲದು.

ಕಲಿಸಿದವರೆಲ್ಲ ಬೆಂಗಳೂರಿಗೆ ಹೋಗುತ್ತಾರೆ, ಹಳ್ಳಿಗೆ ಉಳಿಯುವುದೇನು ಎಂಬ ಪ್ರಶ್ನೆ ಸಭೆಯ ಹಿರಿಯರದು. ಹೋಗುತ್ತಾರೆ, ಹೋಗಬೇಕು ಕೂಡ. ಒಬ್ಬರನ್ನೇ ನೆಚ್ಚಿ ಕೂತಾಗ ಅದು ನಷ್ಟ. ಪ್ರತಿ ವರ್ಷ ಇಬ್ಬರನ್ನು ತಯಾರು ಮಾಡುತ್ತ, ಹಳಬರು ಹೊರಡುವ ಮುನ್ನ ಹೊಸಬರಿಗೆ ಕಲಿಸುವ ಕಟ್ಟುಪಾಡು ಇದ್ದರೆ ನಷ್ಟವಿಲ್ಲ. ಅಷ್ಟಕ್ಕೆ ಹಣವೆಲ್ಲಿ ಎನ್ನುವವರಿಗೆ ನನ್ನ ಉತ್ತರ ಚಿಕ್ಕದು. ದೇವಜ್ಞಾನ ಕಾಲೇಜಿನ ಪದವಿ ಎಲ್ಲರಿಗೂ ಬೇಕಿಲ್ಲ. ತಿಂಗಳಿಗೊಂದು ಶನಿವಾರ, ಹಾವೇರಿಯಲ್ಲೋ ರಾಣೆಬೆನ್ನೂರಿನಲ್ಲೋ ಸುತ್ತಲಿನ ಊರುಗಳ ಹುಡುಗ ಹುಡುಗಿಯರು ಸೇರುವ ಕನ್ನಡ ತರಗತಿ ಸಾಕು. ಬೈಬಲ್, ಸಂವಿಧಾನ, ಲೆಕ್ಕ ಬರೆಯುವುದು, ಮಕ್ಕಳ ಸುರಕ್ಷತೆ, ವಚನ ಮತ್ತು ಸರ್ವಜ್ಞ, ಇಷ್ಟನ್ನು ಒಂದು ವರ್ಷದಲ್ಲಿ ಓದಿಸಬಹುದು. ಬರುವ ಬೇಸಿಗೆಯ ಶಿಬಿರಕ್ಕೆ ಹಣ ಎತ್ತಲು ಕೂರುವ ಸಭೆಯ ಹಿರಿಯರು ಅದರಲ್ಲಿ ಅರ್ಧವನ್ನು ಈ ತರಗತಿಗೆ ತೆಗೆದಿಡಲಿ, ಕೂಟ ನಡೆಸುವ ಆ ಇಬ್ಬರ ಬಸ್ ಚಾರ್ಜನ್ನೂ ಅದರಲ್ಲೇ ಸೇರಿಸಲಿ.