ಬಾರ್ಲಿ: ಗೋಧಿ ಸೋತ ನೆಲದಲ್ಲೂ ಹೊಟ್ಟೆ ತುಂಬಿಸುವ ಧಾನ್ಯ

ಕರಾವಳಿಯ ಮನೆಗಳಲ್ಲಿ ಬಾರ್ಲಿ ಅಂದ್ರೆ ಉರಿಮೂತ್ರಕ್ಕೋ ಜ್ವರಕ್ಕೋ ಕುದಿಸಿ ಕುಡಿಯುವ ನೀರು, ಅಷ್ಟೇ. ಕಾಲು ಕಿಲೋ ತಂದರೆ ತಿಂಗಳುಗಟ್ಟಲೆ ಡಬ್ಬಿಯಲ್ಲೇ ಉಳಿಯುತ್ತದೆ. ಆದರೆ ಮೊರಾಕ್ಕೊದ ಒಣಭೂಮಿಯಲ್ಲಿ, ಇಥಿಯೋಪಿಯಾದ ಬೆಟ್ಟಗಳಲ್ಲಿ, ಟಿಬೆಟ್‌ನಲ್ಲಿ ಇದು ಔಷಧಿಯಲ್ಲ, ದಿನದ ಊಟ.

ಜಗತ್ತಿನ ಉತ್ಪಾದನೆಯಲ್ಲಿ ಮೆಕ್ಕೆಜೋಳ, ಗೋಧಿ, ಅಕ್ಕಿಯ ನಂತರ 4ನೇ ಸ್ಥಾನ ಬಾರ್ಲಿಯದ್ದು. ಅದರ ದೊಡ್ಡ ಪಾಲು ಜಾನುವಾರುಗಳ ಮೇವಿಗೆ ಹೋಗುತ್ತದೆ. ಆಡು, ಕುರಿ, ಒಂಟೆಗಳಿಗಾಗಿ ಸೌದಿ ಅರೇಬಿಯಾ ಬಹಳ ವರ್ಷಗಳ ಕಾಲ ಜಗತ್ತಿನಲ್ಲೇ ಅತಿ ಹೆಚ್ಚು ಬಾರ್ಲಿ ಖರೀದಿಸುವ ದೇಶವಾಗಿತ್ತು. ಗಲ್ಫ್‌ನಲ್ಲಿ ದುಡಿದವರಿಗೆ 'ಶಈರ್' ಎಂಬ ಅರಬಿ ಹೆಸರು ಪರಿಚಿತ.

ಯಾಕೆ ಇಷ್ಟು ಮುಖ್ಯ?

ಬಾರ್ಲಿ ಗೋಧಿಗಿಂತ ಬೇಗ ಮಾಗುತ್ತದೆ. ಮಳೆ ಬೇಗ ನಿಂತು ಗೋಧಿ ಒಣಗುವ ಹೊತ್ತಿಗೆ ಬಾರ್ಲಿ ಕಾಳು ಕಟ್ಟಿರುತ್ತದೆ. ಮಣ್ಣಿನ ಉಪ್ಪನ್ನು ಗೋಧಿ, ಭತ್ತಕ್ಕಿಂತ ಚೆನ್ನಾಗಿ ತಡೆಯುತ್ತದೆ. 4,000 ಮೀಟರ್ ಎತ್ತರದ ಚಳಿಯಲ್ಲೂ ಬೆಳೆಯುತ್ತದೆ. ಟಿಬೆಟ್‌ನ ಜನ ಅದನ್ನು ಹುರಿದು, ಹಿಟ್ಟು ಮಾಡಿ 'ತ್ಸಂಪಾ' ಅಂತ ತಿನ್ನುತ್ತಾರೆ.

ಇಥಿಯೋಪಿಯಾದಲ್ಲಿ ಹಳೆಯ ದವಸ ಮುಗಿದು ಹೊಸ ಬೆಳೆ ಇನ್ನೂ ಕೈಗೆ ಬಾರದ ದಿನಗಳಿರುತ್ತವೆ. ತುಳುನಾಡಿನ ಹಿರಿಯರು ಆಟಿ ತಿಂಗಳಲ್ಲಿ ಕಂಡ ಅಭಾವದ ಹಾಗೆಯೇ ಇದು. ಆಗ ಮೊದಲು ಕೊಯ್ಲಿಗೆ ಬರುವುದು ಬೇಗ ಮಾಗುವ ಬಾರ್ಲಿ ತಳಿಗಳು. ಆಹಾರ ಭದ್ರತೆ ಅಂದ್ರೆ ಎಷ್ಟು ಟನ್ ಬೆಳೆದೆವು ಎಂಬುದಷ್ಟೇ ಅಲ್ಲ, ಹಸಿವಿನ ತಿಂಗಳಲ್ಲಿ ಅಡುಗೆಮನೆಯಲ್ಲಿ ಏನಿದೆ ಎಂಬುದೂ ಹೌದು.

ಅಲೆಪ್ಪೊದಿಂದ ಹಿಮದ ನಾಡಿಗೆ

ಈ ಗುಣಗಳೆಲ್ಲ ಒಂದೇ ತಳಿಯಲ್ಲಿ ಸಿಗುವುದಿಲ್ಲ. ಸಿರಿಯಾದ ರೈತರ ಬಳಿ 'ಅರಬಿ ಅಬ್ಯದ್' ಮತ್ತು 'ಅರಬಿ ಅಸ್ವದ್' ಎಂಬ ಬಿಳಿ, ಕಪ್ಪು ನಾಟಿ ತಳಿಗಳಿವೆ. ಮಳೆ ತೀರಾ ಕಡಿಮೆ ಇರುವ ಕಡೆ ಕಪ್ಪು ತಳಿಯನ್ನೇ ಬಿತ್ತುತ್ತಾರೆ. ಇಂಥ ಸಾವಿರಾರು ತಳಿಗಳ ಬೀಜವನ್ನು ಒಣಭೂಮಿ ಕೃಷಿ ಸಂಶೋಧನಾ ಸಂಸ್ಥೆ 'ಇಕಾರ್ಡಾ' ಅಲೆಪ್ಪೊ ಬಳಿಯ ತೆಲ್ ಹದ್ಯಾದಲ್ಲಿ ಕಾಪಾಡಿಕೊಂಡು ಬಂದಿತ್ತು.

ಯುದ್ಧ ಶುರುವಾದ ಮೇಲೆ ಸಂಸ್ಥೆ ಅಲ್ಲಿಂದ ಹೊರಡಬೇಕಾಯಿತು. ಅದೃಷ್ಟವಶಾತ್, ಅಷ್ಟರಲ್ಲೇ ಹೆಚ್ಚಿನ ಬೀಜಗಳ ಇನ್ನೊಂದು ಪ್ರತಿ ನಾರ್ವೆಯ ಸ್ವಾಲ್ಬಾರ್ಡ್ ಬೀಜ ಭಂಡಾರ ಸೇರಿತ್ತು. 2008ರಲ್ಲಿ ತೆರೆದ ಈ ಭಂಡಾರದಿಂದ ಮೊದಲ ಬಾರಿಗೆ ಬೀಜ ಹೊರತೆಗೆದದ್ದು 2015ರಲ್ಲಿ, ಇಕಾರ್ಡಾಕ್ಕಾಗಿ. ಆ ಬೀಜಗಳನ್ನು ಲೆಬನಾನ್ ಮತ್ತು ಮೊರಾಕ್ಕೊದಲ್ಲಿ ಬಿತ್ತಿ, ಬೆಳೆಸಿ, 2017ರಲ್ಲಿ ಮತ್ತೆ ಸ್ವಾಲ್ಬಾರ್ಡ್‌ಗೆ ಕಳುಹಿಸಲು ಶುರು ಮಾಡಿದರು. ಆ ಪ್ರತಿ ಇಲ್ಲದೇ ಹೋಗಿದ್ದರೆ, ರೈತರು ತಲೆತಲಾಂತರದಿಂದ ಆರಿಸಿ ಉಳಿಸಿದ ಎಷ್ಟೋ ತಳಿಗಳು ಕೈತಪ್ಪುವ ಅಪಾಯವಿತ್ತು.

ಮನೆಯಲ್ಲಿ ಬಳಸುವುದಾದರೆ

ಬಾರ್ಲಿಯಲ್ಲಿ 'ಬೀಟಾ ಗ್ಲೂಕಾನ್' ಎಂಬ ನಾರು ಇದೆ. ಇದು ಕೊಲೆಸ್ಟ್ರಾಲ್ ತಗ್ಗಿಸಲು, ಊಟದ ನಂತರ ಸಕ್ಕರೆ ಒಮ್ಮೆಲೇ ಏರದಂತೆ ತಡೆಯಲು ನೆರವಾಗುತ್ತದೆ. ಆದ್ರೆ ನೀರು ಸೋಸಿ ಕುಡಿದು ಕಾಳು ಎಸೆದರೆ ನಾರಿನ ದೊಡ್ಡ ಪಾಲು ಕಾಳಿನ ಜೊತೆಗೇ ಹೋಗುತ್ತದೆ. ರಾತ್ರಿ ನೆನೆಸಿಟ್ಟು ಗಂಜಿಗೆ ಹಾಕಿ ಬೇಯಿಸಬಹುದು, ಹಿಟ್ಟನ್ನು ರೊಟ್ಟಿಗೆ ಬೆರೆಸಬಹುದು. ಗ್ಲುಟನ್ ಇರುವುದರಿಂದ ಸೀಲಿಯಾಕ್ ಕಾಯಿಲೆ ಇರುವವರು ತಿನ್ನಬಾರದು. ಸಕ್ಕರೆ ಕಾಯಿಲೆಗೆ ಇದು ಮಾತ್ರೆಯ ಬದಲಿಯೂ ಅಲ್ಲ.

ಕಾಸರಗೋಡು, ಕಣ್ಣೂರು ಕಡೆ ಬಾರ್ಲಿ ಬೆಳೆಯುವುದಿಲ್ಲ. ಆದರೆ ಅಲ್ಲಿನ ಉಪ್ಪುನೀರಿನ ಗದ್ದೆಗಳಲ್ಲಿ ಕೈಪಾಡ್ ಭತ್ತ ಬೆಳೆಯುತ್ತದೆ. ಬೇರೆ ಭತ್ತ ಸೋಲುವ ಕಡೆ ನಿಲ್ಲುವ ಆ ನಾಟಿ ತಳಿಗಳ ಬೀಜವೂ ಅಷ್ಟೇ: ಬಿತ್ತುವ ರೈತ ಇರುವವರೆಗೆ ಮಾತ್ರ ಗದ್ದೆಯಲ್ಲಿ ಉಳಿಯುತ್ತದೆ.