ಹೊಸ ನೌಕರ ನಿಲ್ಲದಿರುವುದೇಕೆ?

ಪೇಟೆಯ ಅಂಗಡಿಯೊಂದಕ್ಕೆ ಗುಮಾಸ್ತ ಬೇಕಾಗುತ್ತದೆ. ಯಜಮಾನರು ನಾಲ್ವರು ಉಮೇದುವಾರರನ್ನು ಕರೆಸಿ, ಊರು ಯಾವುದು, ತಂದೆ ಏನು ಮಾಡುತ್ತಾರೆ, ಎಷ್ಟು ಓದಿದ್ದೀಯೆ ಎಂದು ಕಾಲು ಗಂಟೆ ಮಾತನಾಡಿಸುತ್ತಾರೆ. ಅಂಜದೆ ಉತ್ತರ ಹೇಳಿದವನಿಗೆ ಕೆಲಸವಾಗುತ್ತದೆ. ಮೂರು ತಿಂಗಳು ಕಳೆಯುವಷ್ಟರಲ್ಲಿ ಯಜಮಾನರು “ಇವನಿಂದಾಗದು” ಎನ್ನುತ್ತಾರೆ. ಹುಡುಗ “ಇಲ್ಲಿರಲಾರೆ” ಎನ್ನುತ್ತಾನೆ. ವಾಚಕರೇ, ತಾವು ಕೆಲಸ ಕೊಟ್ಟವರಾಗಿರಬಹುದು, ಇಲ್ಲವೆ ಕೆಲಸ ಕಳೆದುಕೊಂಡು ಮನೆಗೆ ಬಂದವನ ತಂದೆತಾಯಿಗಳಾಗಿರಬಹುದು. ತಪ್ಪು ಯಾರದು?

ಅದರಲ್ಲಿ ಒಂದು ಪಾಲು ನನ್ನಂಥವರದೂ ಉಂಟು. ಉಪಾಧ್ಯಾಯನಾದವನಿಗೆ ನಡತೆಯ ಪತ್ರ ಬರೆದುಕೊಡುವುದು ತಪ್ಪದು. ಕೆಲವು ವರ್ಷಗಳ ಹಿಂದೆ ಶಿಷ್ಯನೊಬ್ಬನಿಗೆ “ಬುದ್ಧಿವಂತ, ವಿನಯಶೀಲ, ಪರಿಶ್ರಮಿ” ಎಂದು ಬರೆದುಕೊಟ್ಟೆ. ಮೂರೂ ನಿಜವೇ. ಷಟ್ಪದಿಗೆ ಪ್ರಸ್ತಾರ ಹಾಕುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆ ಪತ್ರದ ಬಲದ ಮೇಲೆ ಜವಳಿ ಅಂಗಡಿಯವರು ಅವನನ್ನು ಗಲ್ಲಾದ ಮುಂದೆ ಕೂರಿಸಿದರು. ಗಿರಾಕಿಗಳ ಗದ್ದಲದ ನಡುವೆ ಹಣ ಎಣಿಸಿ ಚಿಲ್ಲರೆ ಕೊಡುವುದು ಅವನಿಂದಾಗಲಿಲ್ಲ. ಸಂಜೆಗೆ ಲೆಕ್ಕ ತಾಳೆಯಾಗುತ್ತಿರಲಿಲ್ಲ. ಕದ್ದನೆಂಬ ಮಾತೂ ಹುಟ್ಟಿತು. ಅವನು ಕದಿಯುವವನಲ್ಲ. ಗದ್ದಲದಲ್ಲಿ ಲೆಕ್ಕ ಹಿಡಿಯಬಲ್ಲನೇ ಎಂದು ಯಜಮಾನರು ನನ್ನನ್ನು ಕೇಳಲಿಲ್ಲ. ನನಗಾದರೂ ಅದು ಹೊಳೆಯಲಿಲ್ಲ.

ಮುಖ ನೋಡಿ ಮಣೆ ಹಾಕುವ ಈ ಪದ್ಧತಿಯ ದೋಷವನ್ನು ಮನಶ್ಶಾಸ್ತ್ರಜ್ಞರು ಬಹಳ ಹಿಂದೆಯೇ ಕಂಡರು. 1915ರ ಸುಮಾರಿನಲ್ಲಿ ಅಮೆರಿಕದ ವಾಲ್ಟರ್ ಡಿಲ್ ಸ್ಕಾಟ್ ಎಂಬವರು, ಮಾರಾಟದ ಕೆಲಸಕ್ಕೆ ಬಂದ ಅವರವರೇ ಉಮೇದುವಾರರನ್ನು ಹಲವು ಮಂದಿ ಅನುಭವಿ ಅಧಿಕಾರಿಗಳಿಂದ ಬೇರೆ ಬೇರೆಯಾಗಿ ಮಾತನಾಡಿಸಿದರು. ಯಾರು ಮೇಲು, ಯಾರು ಕೀಳು ಎಂಬ ಪಟ್ಟಿ ಒಬ್ಬೊಬ್ಬರದು ಒಂದೊಂದು ಬಗೆಯಾಯಿತು. 1998ರಲ್ಲಿ ಷ್ಮಿಟ್ ಮತ್ತು ಹಂಟರ್ ಎಂಬ ವಿದ್ವಾಂಸರು 85 ವರ್ಷಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕೆಲಸದ ಮಾದರಿಯನ್ನೇ ಮಾಡಿಸಿ ನೋಡುವುದು, ಎಲ್ಲರಿಗೂ ಗೊತ್ತುಮಾಡಿದ ಪ್ರಶ್ನೆಗಳನ್ನೇ ಕೇಳುವುದು ಇವು ಹರಟೆಯಂಥ ಸಂದರ್ಶನಕ್ಕಿಂತ ಮೇಲೆಂದು ಕಂಡಿತು. ಎಷ್ಟು ವರ್ಷ ಓದಿದ್ದಾನೆ ಎಂಬುದರಿಂದ ತಿಳಿಯುವುದು ಅತ್ಯಲ್ಪ. ಕೈಬರಹದಿಂದ ಗುಣ ಹೇಳುವ ವಿದ್ಯೆಯಿಂದ ಹೆಚ್ಚು ಕಡಮೆ ಏನೂ ಇಲ್ಲ. 2022ರಲ್ಲಿ ಇತರರು ಈ ಲೆಕ್ಕವನ್ನು ತಿದ್ದಿ ಅಂಕಗಳನ್ನು ಇಳಿಸಿದರೂ, ಗೊತ್ತುಮಾಡಿದ ಪ್ರಶ್ನೆಗಳ ಸಂದರ್ಶನ ಮೇಲೆಯೇ ನಿಂತಿತು.

ಡೇನಿಯಲ್ ಕಾನೆಮನ್ 1955ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ಇಸ್ರೇಲಿನ ಸೈನ್ಯಕ್ಕೆ ಇಂಥದೊಂದು ಕ್ರಮವನ್ನು ಹಾಕಿಕೊಟ್ಟರು. ಆರು ಗುಣಗಳು, ಒಂದೊಂದಕ್ಕೂ ಹುಡುಗ ಹಿಂದೆ ನಿಜವಾಗಿ ಏನು ಮಾಡಿದ್ದ ಎಂಬ ಪ್ರಶ್ನೆಗಳು, ಒಂದಕ್ಕೆ ಅಂಕವಿತ್ತ ಮೇಲೆಯೇ ಇನ್ನೊಂದಕ್ಕೆ ಹೋಗತಕ್ಕದ್ದು. ಸಂದರ್ಶಕರು “ನಮ್ಮನ್ನು ಯಂತ್ರಗಳನ್ನಾಗಿ ಮಾಡುತ್ತಿದ್ದೀರಿ” ಎಂದು ಗೊಣಗಿದರಂತೆ. ಆದರೂ ಹಳೆಯ ಪದ್ಧತಿಗಿಂತ ಇದೇ ಸರಿಬಂತು.

ನಾನು ಪಂಡಿತ, ಹಳೆಯ ಗ್ರಂಥದ ಕಡೆಗೆ ತಿರುಗದಿರಲಾರೆ. ಮೈಸೂರಿನ ಓರಿಯಂಟಲ್ ಲೈಬ್ರರಿಯ ಆರ್. ಶಾಮಾಶಾಸ್ತ್ರಿಗಳು 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅಮಾತ್ಯರನ್ನು ಆರಿಸುವ ಪ್ರಕರಣವುಂಟು. ಒಂದೊಂದು ಗುಣಕ್ಕೂ ಒಂದೊಂದು ಸಾಕ್ಷಿಯನ್ನು ಆತ ಹೇಳುತ್ತಾನೆ: ವಿದ್ಯೆಯನ್ನು ಅದೇ ವಿದ್ಯೆ ಬಲ್ಲವರಿಂದ ತಿಳಿಯಬೇಕು, ಬುದ್ಧಿಯನ್ನು ಕೆಲಸಕ್ಕೆ ಕೈ ಹಚ್ಚಿದಾಗ, ವಾಕ್ಚಾತುರ್ಯವನ್ನು ಮಾತುಕತೆಯಲ್ಲಿ, ಉತ್ಸಾಹವನ್ನು ಆಪತ್ತಿನಲ್ಲಿ, ಶೀಲವನ್ನು ಜೊತೆಯಲ್ಲಿ ವಾಸಮಾಡುವವರಿಂದ. ಮಾತುಕತೆಯಿಂದ ಮಾತುಗಾರಿಕೆಯಷ್ಟೇ ತಿಳಿಯುವುದೆಂಬುದನ್ನು ಗಮನಿಸಿರಿ! ನಾವು ಆ ಒಂದೇ ಅಳತೆಗೋಲಿನಿಂದ ಎಲ್ಲವನ್ನೂ ಅಳೆಯಲು ಹೊರಡುತ್ತೇವೆ. (ಆತ ಹೇಳುವ ಗೂಢಪರೀಕ್ಷೆಗಳು ಮಾತ್ರ ನಮಗೆ ಬೇಡ. ಗಲ್ಲಾದಲ್ಲಿ ಬೇಕೆಂದೇ ಹೆಚ್ಚು ಹಣವಿಟ್ಟು ಕಾಯುವ ಯಜಮಾನರನ್ನು ನಾನು ಕಂಡಿದ್ದೇನೆ. ಅಲ್ಲಿ ಒಳ್ಳೆಯವನೂ ನಿಲ್ಲುವುದಿಲ್ಲ.)

ಹಾಗಾದರೆ ಅಂಗಡಿಯವರು ಏನು ಮಾಡಬಹುದು? ಖಾತೆ ಬರೆಯುವವನು ಬೇಕಾದರೆ, ಕೂಲಿ ಕೊಟ್ಟು ಅರ್ಧ ದಿನ ಖಾತೆಯನ್ನೇ ಬರೆಸಿರಿ. ನಾಲ್ವರಿಗೂ ಅದೇ ಹಾಳೆ, ಅದೇ ಪ್ರಶ್ನೆ. ಕೆಲಸದ ಕಷ್ಟವನ್ನು ಮುಚ್ಚಿಡಬೇಡಿರಿ. ಹಬ್ಬದ ಮುಂದೆ ರಾತ್ರಿ ಹತ್ತಾಗುತ್ತದೆ ಎಂಬುದನ್ನು ಮೊದಲೇ ಹೇಳಿಬಿಡಿರಿ. 1973ರಲ್ಲಿ ಪ್ರಕಟವಾದ ವಾನಸ್ ಎಂಬವರ ಪ್ರಯೋಗದಲ್ಲಿ, ಟೆಲಿಫೋನ್ ಆಪರೇಟರ್ ಕೆಲಸದ ಬೇಸರವನ್ನೂ ಚಿತ್ರದಲ್ಲಿ ಮುಂಚೆಯೇ ತೋರಿಸಿದವರಲ್ಲಿ ಬಿಟ್ಟುಹೋಗುವ ಯೋಚನೆ ಕಡಮೆಯಾಗಿತ್ತು. ಮೊದಲ ತಿಂಗಳು ಹಳಬರೊಬ್ಬರನ್ನು ಪಕ್ಕದಲ್ಲಿ ಕೂರಿಸಿರಿ; ಕೇಳಿದರೆ ಗದರುವವರನ್ನಲ್ಲ.

ಆ ನನ್ನ ಶಿಷ್ಯ ಈಗ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಾನೆ. ಅವನ ಕಣ್ಣಿಗೆ ಒಂದು ಕೊಂಬೂ ತಪ್ಪುವುದಿಲ್ಲ. ನಡತೆಯ ಪತ್ರ ಕೇಳಿ ಬಂದವರನ್ನು ನಾನು ಈಗ, “ಅಲ್ಲಿ ನೀನು ಮಾಡಬೇಕಾದ ಕೆಲಸವೇನಪ್ಪ?” ಎಂದು ಮೊದಲು ಕೇಳುತ್ತೇನೆ. ಅನೇಕರಿಗೆ ಗೊತ್ತಿರುವುದಿಲ್ಲ. ಕೇಳಿಕೊಂಡು ಬಾ ಎಂದು ಕಳುಹಿಸುತ್ತೇನೆ.